ಮರದ ಸಂಶೋಧನೆಗೆ ಕೂರುವವರೇ, ನಮಗೂ ಒಂದು ಮಣೆ ಹಾಕಿ

ತೃಶ್ಶೂರು ಪೀಚಿಯ ಕೇರಳ ಅರಣ್ಯ ಸಂಶೋಧನಾ ಸಂಸ್ಥೆಯವರಿಗೆ, ಬೆಂಗಳೂರು ಮಲ್ಲೇಶ್ವರದ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯವರಿಗೆ, ನಮ್ಮದೇ ಕಾಸರಗೋಡಿನ ಕೇಂದ್ರೀಯ ತೋಟ ಬೆಳೆಗಳ ಸಂಶೋಧನಾ ಸಂಸ್ಥೆ ಅಂದರೆ ಸಿ.ಪಿ.ಸಿ.ಆರ್.ಐ.ಯವರಿಗೆ, ಮತ್ತೆ ಇವರೊಂದಿಗೆ ಒಪ್ಪಂದಕ್ಕೆ ಕೂರುವ ಪ್ಲೈವುಡ್, ಫರ್ನಿಚರ್ ಕಂಪನಿಗಳ ಯಜಮಾನರಿಗೆ,

ಮಾನ್ಯರೇ,

ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ನನ್ನದೊಂದು ಮರದ ಕೆಲಸದ ಶೆಡ್ಡು ಇದೆ. ದಾರಂದ, ಬಾಗಿಲು, ಮಂಚ, ಕುರ್ಚಿ, ಏನು ಹೇಳಿದರೂ ಮಾಡಿಕೊಡುತ್ತೇನೆ. ಶೆಡ್ಡಿನ ಹಿಂದೆ ಒಂದು ಎಕರೆ ಅಡಿಕೆ ತೋಟ. ಹಾಗಾಗಿ ಮರ ಮಾರುವವನೂ ನಾನೇ, ಕೊಳ್ಳುವವನೂ ನಾನೇ, ಕೊಯ್ಯುವವನೂ ನಾನೇ. ಮೂರೂ ಕಡೆಯಿಂದ ಪೆಟ್ಟು ತಿಂದವನ ಪತ್ರ ಇದು. ಸ್ವಲ್ಪ ಉದ್ದ ಆದೀತು, ಬೇಸರ ಮಾಡಬೇಡಿ.

ಕೆಲವು ವರ್ಷಗಳ ಹಿಂದೆ ಒಂದು ಮದುವೆ ಹಾಲ್‌ಗೆ 60 ಕುರ್ಚಿ ಮಾಡಿಕೊಟ್ಟಿದ್ದೆ. ರಬ್ಬರ್ ಮರದ್ದು. ಹಲಗೆ ಕೊಟ್ಟ ಮಿಲ್ಲಿನವರು "ಟ್ರೀಟ್‌ಮೆಂಟ್ ಆದ ಮಾಲು, ಧೈರ್ಯವಾಗಿ ತಗೊಳ್ಳಿ" ಅಂದಿದ್ದರು. ಎಂಟು ತಿಂಗಳಾಗಿರಬೇಕು, ಹಾಲ್‌ನವರು ಫೋನ್ ಮಾಡಿದರು. "ಆಚಾರ್ರೇ, ಕುರ್ಚಿ ಅಡಿಯಲ್ಲಿ ಯಾರೋ ಮೈದಾ ಚೆಲ್ಲಿದ ಹಾಗಿದೆ. ಒಮ್ಮೆ ಬಂದು ನೋಡಿ." ಹೋಗಿ ನೋಡಿದೆ. ಕಾಲಿನಲ್ಲಿ ಗುಂಡುಸೂಜಿ ಚುಚ್ಚಿದಷ್ಟು ಸಣ್ಣ ತೂತುಗಳು. ಒಂದು ಕಾಲನ್ನು ನೆಲಕ್ಕೆ ಕುಟ್ಟಿದೆ. ಹಿಟ್ಟು ಸುರಿಯಿತು. ಬೆರಳಲ್ಲಿ ಉಜ್ಜಿದರೆ ಪೌಡರಿನಷ್ಟು ನಯ. 22 ಕುರ್ಚಿಗಳನ್ನು ನನ್ನ ಖರ್ಚಿನಲ್ಲೇ ಬದಲಿಸಿಕೊಟ್ಟೆ. ಮಿಲ್ಲಿನವರನ್ನು ಕೇಳಿದರೆ, "ನಮ್ಮ ಮಾಲು ಹಾಗಾಗಲಿಕ್ಕಿಲ್ಲ, ನೀವು ಬೇರೆ ಎಲ್ಲಿಂದಲೋ ಬೆರೆಸಿದ್ದೀರಿ" ಎಂಬ ಉತ್ತರ. ನನ್ನ ಹತ್ತಿರ ಸಾಕ್ಷಿ ಏನಿತ್ತು? ಬಿಲ್ಲಿನಲ್ಲಿ "ರಬ್ಬರ್ ಹಲಗೆ" ಅಂತ ಮಾತ್ರ ಬರೆದಿತ್ತು.

ನಿಮಗೆ ಇದು ಅ ಆ ಇ ಈ, ಗೊತ್ತು. ಆದರೂ ಓದುವ ಬೇರೆಯವರಿಗಾಗಿ ಹೇಳುತ್ತೇನೆ. 25-30 ವರ್ಷ ಆಗಿ ಹಾಲು ಕೊಟ್ಟು ಮುಗಿದ ರಬ್ಬರ್ ಮರವನ್ನು ಮೊದಲೆಲ್ಲ ಸೌದೆಗೆ ಕಡಿಯುತ್ತಿದ್ದರು. ಅದರ ಮೈತುಂಬ ಪಿಷ್ಟ. ಹುಳಕ್ಕೆ ಅದು ಹಬ್ಬದೂಟ. ಕಡಿದು ನಾಲ್ಕು ದಿನ ಹಾಗೇ ಬಿಟ್ಟರೆ ನೀಲಿ ಬೂಸಲು ಬೇರೆ ಹಿಡಿಯುತ್ತದೆ. ಅದಕ್ಕೇ ಬೇಗ ಕೊಯ್ದು, ದೊಡ್ಡ ಸಿಲಿಂಡರಿಗೆ ತುಂಬಿ, ಒಳಗಿನ ಗಾಳಿ ಎಳೆದು, ಬೋರಿಕ್ ಆಸಿಡ್ ಮತ್ತು ಬೋರಾಕ್ಸ್ ಕರಗಿಸಿದ ನೀರನ್ನು ಒತ್ತಡದಲ್ಲಿ ನುಗ್ಗಿಸುತ್ತಾರೆ. ಕ್ಯಾರಂ ಬೋರ್ಡಿಗೆ ಹಾಕುವ ಪುಡಿ ಮತ್ತು ಅಕ್ಕಸಾಲಿಗರ ಬಿಳಿಗಾರ, ಅಷ್ಟೇ. ಆಮೇಲೆ ಬಿಸಿ ಕೋಣೆಯಲ್ಲಿಟ್ಟು ತೇವ ನೂರಕ್ಕೆ 10-12ಕ್ಕೆ ಇಳಿಯುವವರೆಗೆ ಒಣಗಿಸುತ್ತಾರೆ. ಇಷ್ಟು ಮಾಡಿದರೆ ರಬ್ಬರ್ ಮರದಂಥ ಒಳ್ಳೆಯ ಮರ ಕಡಿಮೆ. ಮಾಡದಿದ್ದರೆ ಮೈದಾ.

ನನ್ನ ಹೊಟ್ಟೆ ಉರಿದದ್ದು ಅದಾಗಿ ಮೂರು ವರ್ಷದ ಮೇಲೆ. ಪ್ರಾಜೆಕ್ಟ್ ಕೆಲಸಕ್ಕೆ ಅಂತ ಒಬ್ಬ ಕಾಲೇಜು ಹುಡುಗ ಶೆಡ್ಡಿಗೆ ಬಂದಿದ್ದ. ಮಾತಿನ ನಡುವೆ ಹೇಳಿದ, ಆ ಬೋರಿಕ್ ಆಸಿಡ್, ಬೋರಾಕ್ಸಿನಲ್ಲಿರುವ ಬೋರಾನ್ ಮರಕ್ಕೆ ಸೇರಿದೆಯೋ ಇಲ್ಲವೋ ಅಂತ ನೋಡಲು ಅರಿಶಿನ ಸಾಕು ಅಂತ. ಅರಿಶಿನವನ್ನು ಸ್ಪಿರಿಟ್ಟಿನಲ್ಲಿ ಕಲಸಿ ಸೋಸಬೇಕು. ಹಲಗೆಯ ಹೊಸ ಕೊಯ್ತದ ಮೇಲೆ ಅದನ್ನು ಹಚ್ಚಿ ಒಣಗಲು ಬಿಡಬೇಕು. ಮೇಲಿಂದ ಹೈಡ್ರೋಕ್ಲೋರಿಕ್ ಆಸಿಡ್, ಸ್ಯಾಲಿಸಿಲಿಕ್ ಆಸಿಡ್ ಸೇರಿದ ಇನ್ನೊಂದು ದ್ರಾವಣದ ಹನಿ ಹಾಕಬೇಕು. ಬೋರಾನ್ ಇದ್ದಲ್ಲಿ ಕೆಂಪಾಗುತ್ತದೆ. ಇಲ್ಲದಲ್ಲಿ ಹಳದಿಯೇ ಉಳಿಯುತ್ತದೆ. ನಮ್ಮಲ್ಲಿ ಅರಿಶಿನಕ್ಕೆ ಸುಣ್ಣ ಬೆರೆಸಿ ಆರತಿಯ ನೀರು ಕೆಂಪು ಮಾಡುವುದು ಚಿಕ್ಕ ಮಕ್ಕಳಿಗೂ ಗೊತ್ತು. ಮರಕ್ಕೂ ಇಂಥದ್ದೊಂದು ಇದೆ ಅಂತ 60 ಕುರ್ಚಿ ಮಾಡಿದ ನನಗೆ ಗೊತ್ತಿರಲಿಲ್ಲ. ಉಳಿದಿದ್ದ ಒಂದು ಕಾಲನ್ನು ಕೊಯ್ದು ಆ ಹುಡುಗನಿಂದಲೇ ಪರೀಕ್ಷೆ ಮಾಡಿಸಿದೆ. ಅಂಚಿನಲ್ಲಿ ನೂಲಿನಷ್ಟು ಕೆಂಪು. ನಡುವೆಲ್ಲ ಹಳದಿ.

ಈ ವಿದ್ಯೆ ನಿಮ್ಮ ಲ್ಯಾಬಿನಲ್ಲಿ ಎಷ್ಟೋ ವರ್ಷಗಳಿಂದ ಇದೆ. ದೊಡ್ಡ ಕಾರ್ಖಾನೆಗಳಿಗೂ ಗೊತ್ತು. ನಮ್ಮ ಶೆಡ್ಡಿನ ತನಕ ಮಾತ್ರ ಬರಲಿಲ್ಲ. ಈಗ ಎಲ್ಲಿ ನೋಡಿದರೂ "ಸಂಶೋಧನೆ ಉದ್ಯಮದ ಜತೆ ಕೈಜೋಡಿಸಬೇಕು" ಎಂಬ ಮಾತು. ಕೈಜೋಡಿಸಿ, ನಾನು ಬೇಡ ಅನ್ನುವವನಲ್ಲ. ಆದರೆ ಉದ್ಯಮ ಅಂದ ಕೂಡಲೇ ನಿಮ್ಮ ಕಣ್ಣೆದುರು ಬರುವುದು ಚಿಮಣಿ, ಗೇಟು, ಸೆಕ್ಯುರಿಟಿ. ನಾಲ್ಕು ಜನ ಕೆಲಸ ಮಾಡುವ ಆಚಾರಿ ಶೆಡ್ಡು ಬರುವುದಿಲ್ಲ. ಹಿತ್ತಲಲ್ಲಿ ಎರಡು ಹೆಬ್ಬಲಸು ಇಟ್ಟುಕೊಂಡ ಅಜ್ಜನೂ ಬರುವುದಿಲ್ಲ. ಕೇರಳದಲ್ಲಿ ಕೊಯ್ಯುವ ಮರದ ಬಹುಪಾಲು ಕಾಡಿನದ್ದಲ್ಲ, ಮನೆ ಹಿತ್ತಲಿನದ್ದು ಮತ್ತು ರಬ್ಬರ್ ತೋಟದ್ದು ಅಂತ ಲೆಕ್ಕ ಹಾಕಿ ಹೇಳಿದವರು ನೀವೇ. ಮರ ನಮ್ಮದು, ಕೆಲಸ ನಮ್ಮದು. ಮಾತುಕತೆ ಮಾತ್ರ ನಿಮ್ಮಿಬ್ಬರದ್ದೇ ಅಂದರೆ ಹೇಗೆ?

ಅಳತೆಯ ವಿಷಯವನ್ನೇ ನೋಡಿ. ಹೋದ ಸಲ ನಮ್ಮ ಹಿತ್ತಲಿನ ಒಂದು ಹೆಬ್ಬಲಸು ಕೊಟ್ಟೆವು. ಬೊಡ್ಡೆ 16 ಅಡಿ ಉದ್ದ, ನಡುವಿನ ಸುತ್ತಳತೆ 64 ಇಂಚು. ವ್ಯಾಪಾರಿ ಹಗ್ಗ ಸುತ್ತಿದ, ಹಗ್ಗವನ್ನು ನಾಲ್ಕು ಮಡಿಕೆ ಮಾಡಿದ, 16 ಇಂಚು ಬಂತು. ಅದನ್ನು ಅದರಿಂದಲೇ ಗುಣಿಸಿ ಉದ್ದ ಸೇರಿಸಿದ. 28 ಚಿಲ್ಲರೆ ಘನ ಅಡಿ ಅಂದ. ಎಲ್ಲ ಕಡೆ ಇದೇ ಲೆಕ್ಕ, ಬ್ರಿಟಿಷರ ಕಾಲದ್ದು. ನನ್ನ ಮಗಳು ಹೈಸ್ಕೂಲಿನಲ್ಲಿದ್ದಾಳೆ. ಅವಳು ವೃತ್ತದ ಸೂತ್ರ ಹಾಕಿ ನೋಡಿ, "ಅಪ್ಪಾ, 36 ಬರುತ್ತೆ" ಅಂದಳು. ಎರಡೂ ಸರಿಯೇ. ಸುತ್ತಳತೆಯನ್ನು ನಾಲ್ಕಾಗಿ ಮಡಿಸಿದ ಲೆಕ್ಕದಲ್ಲಿ ಉರುಟು ಮರದ ನೂರರಲ್ಲಿ ಸುಮಾರು 78.5 ಪಾಲು ಮಾತ್ರ ಸಿಗುತ್ತದೆ. ಉಳಿದದ್ದು ಬದಿ ಹಲಗೆ, ಹುಡಿ, ವೇಸ್ಟು ಅಂತ ಮೊದಲೇ ಕಳೆದುಬಿಡುತ್ತಾರೆ. ಆ ಕಾಲಕ್ಕೆ ಅದು ನ್ಯಾಯವೇ ಇರಬಹುದು. ಈಗ ಬದಿ ಹಲಗೆಗೂ ರೇಟು ಇದೆ, ಮರದ ಹುಡಿಗೂ ಗಿರಾಕಿ ಇದ್ದಾರೆ. ಹಾಗಾದರೆ ಆ ಎಂಟು ಘನ ಅಡಿ ಯಾರ ಕಿಸೆಗೆ ಹೋಯಿತು? ಅದರ ಮೇಲೆ ಸಿಪ್ಪೆ ಅಂತ ಎರಡಿಂಚು ಬೇರೆ ಕಳೆದರು. ಅದನ್ನು ಬಿಡಿ.

ವ್ಯಾಪಾರಿಯನ್ನು ಬೈದು ಪ್ರಯೋಜನ ಇಲ್ಲ. ಅವನೂ ಮಿಲ್ಲಿಗೆ ಅದೇ ಲೆಕ್ಕದಲ್ಲಿ ಕೊಡುವವನು. ಆದರೆ ನಮ್ಮ ಊರಿನ ಮಿಲ್ಲಿನಲ್ಲಿ ಒಂದು ಹೆಬ್ಬಲಸು ಬೊಡ್ಡೆ ಕೊಯ್ದರೆ ನಿಜಕ್ಕೂ ಎಷ್ಟು ಪಕ್ಕಾಸು (ಛಾವಣಿಯ ಜಂತಿ), ಎಷ್ಟು ಹಲಗೆ, ಎಷ್ಟು ಹುಡಿ ಬರುತ್ತದೆ ಅಂತ ಯಾರಾದರೂ ತೂಗಿ ಅಳೆದು ಬರೆದಿಟ್ಟರೆ, ಮಾರುವವನಿಗೂ ಕೊಳ್ಳುವವನಿಗೂ ಜಗಳ ಆಡಲು ಒಂದು ಆಧಾರ ಆದರೂ ಸಿಗುತ್ತದೆ. ಹಲಸಿಗೊಂದು, ಮಾವಿಗೊಂದು, ಅಕೇಶಿಯಾಕ್ಕೊಂದು ಪಟ್ಟಿ. ಇದಕ್ಕೆ ಕೋಟಿ ರೂಪಾಯಿಯ ಯಂತ್ರ ಬೇಡ. ಒಂದು ತಕ್ಕಡಿ, ಒಂದು ಟೇಪು, ಮಿಲ್ಲಿನವರ ಒಪ್ಪಿಗೆ, ನಿಮ್ಮ ಇಬ್ಬರು ವಿದ್ಯಾರ್ಥಿಗಳು ಸಾಕು. ಇದೂ ಉದ್ಯಮದ ಜತೆಗಿನ ಸಂಶೋಧನೆಯೇ ಅಲ್ವಾ?

ಕೈಜೋಡಿಸುವುದು ಈ ಸೀಮೆಗೆ ಹೊಸತೂ ಅಲ್ಲ. 1840ರ ದಶಕದಲ್ಲಿ ಮಲಬಾರಿನ ಕಲೆಕ್ಟರ್ ಕೊನೊಲಿ ನಿಲಂಬೂರಿನಲ್ಲಿ ತೇಗ ನೆಡಿಸಿದ್ದು ಹಡಗು ಕಟ್ಟುವವರಿಗಾಗಿ. ಬೀಜ ಮೊಳೆಯದೆ ಕಂಗಾಲಾಗಿದ್ದಾಗ ದಾರಿ ಕಂಡುಕೊಂಡವರು ಅಲ್ಲಿಯವರೇ ಆದ ಚಾತು ಮೇನೋನ್. ಆ ತೋಪಿನ ಮರಗಳು ಇನ್ನೂ ನಿಂತಿವೆ. ಕಣ್ಣೂರಿನ ವಳಪಟ್ಟಣದಲ್ಲಿ 1945ರಿಂದಲೇ ಪ್ಲೈವುಡ್ ಕಾರ್ಖಾನೆ ಇದೆ. 1962ರಲ್ಲಿ ಪ್ಲೈವುಡ್ ಉದ್ಯಮದವರೂ ಕೇಂದ್ರದ ವಿಜ್ಞಾನ ಸಂಶೋಧನಾ ಮಂಡಳಿ ಸಿ.ಎಸ್.ಐ.ಆರ್. ಕೂಡ ಸೇರಿಕೊಂಡು ಬೆಂಗಳೂರಿನಲ್ಲಿ ಸಹಕಾರದ ಮೇಲೆ ಒಂದು ಸಂಶೋಧನಾಲಯ ಶುರು ಮಾಡಿದರು. ಅದೇ ಮುಂದೆ ಇಪಿರ್ಟಿ, ಅಂದರೆ ಪ್ಲೈವುಡ್ ಉದ್ಯಮದ ಸಂಶೋಧನೆ ಮತ್ತು ತರಬೇತಿ ಸಂಸ್ಥೆ ಆಯಿತು. ಬಿದಿರು ಚಾಪೆಯನ್ನು ಅಂಟಿಸಿ ಹಲಗೆ ಮಾಡುವ, ಅದರಿಂದಲೇ ಮಾಡಿಗೆ ಶೀಟು ಮಾಡುವ ವಿದ್ಯೆ ಅಲ್ಲಿಂದ ಹೊರಗೆ ಬಂತು. ಚಾಪೆ ಹೆಣೆಯುವ ಹೆಂಗಸರಿಗೂ ಅದರಿಂದ ಕೆಲಸ ಸಿಕ್ಕಿತು. ಇಂಥದ್ದಕ್ಕೆ ನಾನು ಎರಡೂ ಕೈ ಎತ್ತುತ್ತೇನೆ.

ಇನ್ನೊಂದು ಬಗೆಯೂ ಇತ್ತು. ಕೋಯಿಕ್ಕೋಡಿನ ಮಾವೂರಿನಲ್ಲಿ ರೇಯಾನ್ ಕಾರ್ಖಾನೆ ಬರಲಿ ಅಂತ ಸರಕಾರ ಕಾಡಿನ ಬಿದಿರನ್ನು ಟನ್ನಿಗೆ ಒಂದು ರೂಪಾಯಿಯಂತೆ ಕೊಟ್ಟಿತು. ದಾಂಡೇಲಿಯ ಕಾಗದ ಕಾರ್ಖಾನೆಗೆ ಟನ್ನಿಗೆ ಒಂದೂವರೆ ರೂಪಾಯಿ. ಬುಟ್ಟಿ ಹೆಣೆಯುವವರು ಮಾತ್ರ ಪೇಟೆಯ ರೇಟಿಗೇ ಕೊಳ್ಳಬೇಕಿತ್ತು. ಅಗ್ಗಕ್ಕೆ ಸಿಕ್ಕಿದ್ದನ್ನು ಯಾರು ಜೋಪಾನ ಮಾಡುತ್ತಾರೆ? ಬಿದಿರು ಮುಗಿಯಿತು.

1988ರ ರಾಷ್ಟ್ರೀಯ ಅರಣ್ಯ ನೀತಿ ಇದನ್ನೆಲ್ಲ ನೋಡಿಯೇ ಬರೆದದ್ದು ಅಂತ ನನಗೆ ಅನಿಸುತ್ತದೆ. ಕಾರ್ಖಾನೆಗಳು ಕಚ್ಚಾ ಮಾಲಿಗೆ ಕಾಡಿನ ಕಡೆ ನೋಡಬೇಡಿ, ಬೆಳೆಯುವವರ ಜತೆ ನೇರ ಸಂಬಂಧ ಇಟ್ಟುಕೊಳ್ಳಿ, ಸಾಲ ಕೊಡಿಸಿ, ಸಲಹೆ ಕೊಡಿ, ಕಡಿಯಲು, ಸಾಗಿಸಲು ನೆರವಾಗಿ ಅಂತ ಅದರಲ್ಲಿ ಸ್ಪಷ್ಟವಾಗಿ ಇದೆ. ಉತ್ತರದಲ್ಲಿ ವಿಮ್ಕೋ ಬೆಂಕಿಪೆಟ್ಟಿಗೆ ಕಂಪನಿ ರೈತರ ಜತೆ ಪಾಪ್ಲರ್ ಬೆಳೆಸಿದ್ದು, ತಮಿಳುನಾಡಿನ ಮೆಟ್ಟುಪಾಳ್ಯದ ಅರಣ್ಯ ಕಾಲೇಜು ಕಾಗದ ಕಾರ್ಖಾನೆಗಳನ್ನೂ ರೈತರನ್ನೂ ಕೂರಿಸಿ ಒಪ್ಪಂದದ ಮರ ಕೃಷಿ ಮಾಡಿಸಿದ್ದು ಈ ದಾರಿಯಲ್ಲೇ. ಕಾಸರಗೋಡಿಗೆ ಮಾತ್ರ ಆ ಬಸ್ಸು ಬಂದಿಲ್ಲ. ಬಂದದ್ದು 1990ರ ದಶಕದಲ್ಲಿ "ತೇಗದ ಗಿಡಕ್ಕೆ ದುಡ್ಡು ಹಾಕಿ, 20 ವರ್ಷದಲ್ಲಿ ಲಕ್ಷಾಧೀಶರಾಗಿ" ಎಂಬ ಜಾಹೀರಾತು. 20 ವರ್ಷದ ತೇಗದಲ್ಲಿ ಕೆಚ್ಚು ಎಷ್ಟು, ಹೊರಗಿನ ಬಿಳಿ ಎಷ್ಟು ಅಂತ ಯಾವ ಆಚಾರಿಯನ್ನಾದರೂ ಕೇಳಿದ್ದರೆ ಸುಮ್ನೆ ಹೇಳುತ್ತಿದ್ದ.

ಹಾಗಾಗಿ ಹೊಸ ಗಿಡ ಹಿಡಿದುಕೊಂಡು ಬರುವವರನ್ನು ಕಂಡರೆ ನಮಗೆ ಸ್ವಲ್ಪ ಹೆದರಿಕೆಯೇ. ಹೆಬ್ಬೇವು ನೆಡಿ, ಅಕೇಶಿಯಾ ನೆಡಿ, ಏಳೆಂಟು ವರ್ಷದಲ್ಲಿ ಪ್ಲೈವುಡ್ಡಿಗೆ ಹೋಗುತ್ತದೆ ಅನ್ನುತ್ತಾರೆ. ಹೋಗಬಹುದು. ಆದರೆ ಈಗಾಗಲೇ ಬಿದ್ದಿರುವ ಮರದ ಬಗ್ಗೆ ಯಾರೂ ಕೇಳುವುದಿಲ್ಲ. ನಾನು ಹೇಳುತ್ತಿರುವುದು ಅಡಿಕೆ ಮರದ ವಿಷಯ.

ಒಂದು ಎಕರೆಗೆ ಸುಮಾರು 550 ಅಡಿಕೆ ಮರ ಹಿಡಿಯುತ್ತದೆ. ವರ್ಷಕ್ಕೆ ಒಂದಷ್ಟು ಬೀಳುತ್ತವೆ, ಒಂದಷ್ಟನ್ನು ಮುದಿಯಾಯಿತು ಅಂತ ನಾವೇ ಕಡಿಯುತ್ತೇವೆ. ಸುಳ್ಯ, ಸಂಪಾಜೆ ಕಡೆ ಹಳದಿ ಎಲೆ ರೋಗ ಬಂದು ತೋಟಕ್ಕೆ ತೋಟವೇ ಹೋಯಿತು. ಇಲ್ಲಿ ಈಗ ಎಲೆಚುಕ್ಕಿಯ ಕಾಟ. ಕಡಿದ ಮರ ಏನಾಗುತ್ತದೆ? ಸೀಳಿ ದಬ್ಬೆ ಮಾಡಿದರೆ ಅಂಗಳದ ಚಪ್ಪರಕ್ಕೆ, ಬೇಲಿಗೆ ಎರಡು ಮಳೆಗಾಲ ಬರುತ್ತದೆ. ಮೊದಲು ತಿರುಳು ತೆಗೆದು ನೀರಿನ ದಂಬೆ ಮಾಡುತ್ತಿದ್ದರು, ಈಗ ಪಿ.ವಿ.ಸಿ. ಪೈಪು. ಉಳಿದದ್ದೆಲ್ಲ ತೋಟದಲ್ಲೇ ಕೊಳೆಯುತ್ತದೆ.

ಒಂದು ಅಡಿಕೆ ಮರವನ್ನು ಅಡ್ಡಕ್ಕೆ ಕೊಯ್ದು ನೋಡಿ. ತೇಗದ ಹಾಗೆ ಉಂಗುರ ಇಲ್ಲ, ಗಂಟಿಲ್ಲ, ಕೊಂಬೆಯ ಕಲೆಯಿಲ್ಲ. ಹೊರಸುತ್ತಿನಲ್ಲಿ ಕಪ್ಪು ನಾರಿನ ಚುಕ್ಕಿಗಳು ಒತ್ತೊತ್ತಾಗಿ, ಒಳಗೆ ಹೋದಷ್ಟೂ ವಿರಳ. ನಡುವೆ ಬರೀ ಬೆಂಡು. ಬುಡದಲ್ಲಿ ಆರಿಂಚು ದಪ್ಪ ಇದ್ದರೂ ಕೆಲಸಕ್ಕೆ ಬರುವುದು ಸುತ್ತಲಿನ ಒಂದಿಂಚಿನೊಳಗಿನ ಚಿಪ್ಪು ಮಾತ್ರ. ಆದರೆ ಆ ಚಿಪ್ಪು! ಉಳಿಯ ಬಾಯಿ ತಿರುಗಿಸುವಷ್ಟು ಗಟ್ಟಿ. ಪಾಲಿಶ್ ಹಾಕಿದರೆ ಜೇನಿನ ಬಣ್ಣದ ಮೇಲೆ ಕಪ್ಪು ಗೆರೆ, ಬೀಟೆಗೂ ಕಡಿಮೆ ಇಲ್ಲ.

ನಾನೇ ಒಮ್ಮೆ ಪಟ್ಟಿ ಸೀಳಿ, ಕೀಸಿ, ಬಿಳಿ ಗೋಂದು ಹಾಕಿ ಅಂಟಿಸಿ ಒಂದು ಸ್ಟೂಲು ಮಾಡಿದೆ. ನೋಡಿದವರೆಲ್ಲ ಹೊಗಳಿದರು. ಜೂನ್ ಬಂತು, ನಾಲ್ಕನೇ ಮಳೆಗೆ ಪಟ್ಟಿಗಳು ಬಾಯಿ ಬಿಟ್ಟವು. ಬಿಡಿಸಿ ನೋಡಿದರೆ ಹೊರಸಿಪ್ಪೆಯ ನುಣುಪು ಉಳಿದ ಕಡೆ ಗೋಂದು ಹಿಡಿದೇ ಇರಲಿಲ್ಲ. ಎಷ್ಟು ಕೀಸಬೇಕು? ಯಾವ ಗೋಂದು? ಎಷ್ಟು ಒಣಗಿಸಬೇಕು? ಬೋರಾಕ್ಸ್ ನೀರು ಈ ನಾರಿನೊಳಗೆ ಇಳಿಯುತ್ತದೆಯೇ? ಇದನ್ನು ಕೊಯ್ಯಲು ಎಂಥ ಬ್ಲೇಡು? ಬಿದಿರಿಗೆ ಇವೇ ಪ್ರಶ್ನೆ ಕೇಳಿ ಉತ್ತರ ಹುಡುಕಿದವರು ನೀವು. ತೆಂಗಿನ ಮರಕ್ಕೆ ಫಿಲಿಪ್ಪೀನ್ಸ್‌ನಲ್ಲಿ 1970ರ ದಶಕದಿಂದಲೇ ಹುಡುಕಿದ್ದಾರೆ. ಹೊರಗಿನ ಗಟ್ಟಿಯನ್ನು ಪಕ್ಕಾಸಿಗೆ, ಒಳಗಿನ ಮೆತ್ತನೆಯದನ್ನು ಬೇರೆ ಕೆಲಸಕ್ಕೆ ಅಂತ ವಿಂಗಡಿಸುವುದು ಅಲ್ಲಿ ಮಾಮೂಲು. ನಮ್ಮ ಕೂಡ್ಲಿನಲ್ಲಿ 1916ರಲ್ಲಿ ಶುರುವಾದ ತೆಂಗು ಸಂಶೋಧನಾ ಕೇಂದ್ರವೇ ಬೆಳೆದು ಸಿ.ಪಿ.ಸಿ.ಆರ್.ಐ. ಆದದ್ದು. ನೂರು ವರ್ಷ ಅವರು ಕಾಯಿಗಾಗಿ, ಗೊನೆಗಾಗಿ ದುಡಿದರು, ನಾವು ಋಣಿಗಳೇ. ಇನ್ನು ಕಾಂಡವನ್ನೂ ಸ್ವಲ್ಪ ನೋಡಬಹುದಲ್ಲ?

ಕಂಪನಿಯವರು ಯಾಕೆ ಕೇಳುತ್ತಿಲ್ಲ ಅಂದರೆ, ಅಡಿಕೆ ಮರ ಲಾರಿಗಟ್ಟಲೆ ಒಂದೇ ಕಡೆ ಸಿಗುವುದಿಲ್ಲ. ಇಲ್ಲಿ ಹತ್ತು, ಅಲ್ಲಿ ಇಪ್ಪತ್ತು. ಅವರ ಲೆಕ್ಕಕ್ಕೆ ಅದು ಮಾಲೇ ಅಲ್ಲ. ಸಂಶೋಧನೆಯ ಖರ್ಚಿನ ಅರ್ಧ ಕಂಪನಿ ಕೊಡುವುದಾದರೆ, ಪ್ರಶ್ನೆಯನ್ನೂ ಕಂಪನಿಯೇ ಆರಿಸುತ್ತದೆ. ಅವರ ತಪ್ಪಲ್ಲ ಅದು. ಸಾರ್ವಜನಿಕರ ದುಡ್ಡಿನ ಉಳಿದರ್ಧ ಇದೆಯಲ್ಲ, ಅದು ಯಾರ ಪರವಾಗಿ ಪ್ರಶ್ನೆ ಕೇಳಬೇಕು? ಅಲ್ಲಿಗೇ ನಾನು ಮಣೆ ಕೇಳುತ್ತಿರುವುದು. ಪ್ರಶ್ನೆ ಆರಿಸುವ ದಿನವೇ ಅಡಿಕೆಯವರು, ರಬ್ಬರಿನವರು, ಆಚಾರಿಗಳು ಅಲ್ಲಿರಬೇಕು. ಫಲಿತಾಂಶ ಬಂದ ಮೇಲೆ ಕರೆದು ಟೀ, ಬಿಸ್ಕೆಟ್ ಕೊಟ್ಟು ಟ್ರೈನಿಂಗ್ ಮಾಡಿದರೆ ಸಾಲದು. ಮಣೆ ಬೇಕಾದರೆ ನಾನೇ ಮಾಡಿ ತರುತ್ತೇನೆ, ಹಲಸಿನದ್ದು.

ಫಲಿತಾಂಶ ಬಚ್ಚಿಡಬಾರದು. ಇದನ್ನು ನಾನು ಯಾಕೆ ಒತ್ತಿ ಹೇಳುತ್ತಿದ್ದೇನೆ ಅಂತ ಎಣ್ಮಕಜೆ, ಪಡ್ರೆ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. 1970ರ ದಶಕದ ಕೊನೆಯಿಂದ 2000ದ ತನಕ ನಮ್ಮ ಗುಡ್ಡಗಳ ಸರಕಾರಿ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದರು. ಗೇರಿನ ಚಿಗುರು ಹೀರುವ ಚಹಾ ಸೊಳ್ಳೆ ಎಂಬ ಕೀಟ ಸಾಯಲಿ ಅಂತ. ಸುಪ್ರೀಂ ಕೋರ್ಟು ನಿಷೇಧಿಸಿದ್ದು 2011ರಲ್ಲಿ. ವಿಜ್ಞಾನ ನಮ್ಮ ಊರಿಗೆ ಒಮ್ಮೆ ತಲೆಯ ಮೇಲಿಂದ ಬಂದಿದೆ. ಮರಕ್ಕೆ ಹಾಕುವ ಮದ್ದು, ಪ್ಲೈವುಡ್ಡಿನ ಅಂಟಿನಿಂದ ಬರುವ ಫಾರ್ಮಾಲ್ಡಿಹೈಡ್ ಅನಿಲ, ಯಾವುದೇ ಇರಲಿ, "ತಜ್ಞರು ಹೇಳಿದ್ದಾರೆ" ಎಂಬ ಒಂದು ಸಾಲು ಇಲ್ಲಿ ನಡೆಯುವುದಿಲ್ಲ. ಕೋಪ ಮಾಡಿಕೊಳ್ಳಬೇಡಿ, ಕಾಗದ ತೋರಿಸಿ.

ಆ ಕಾಗದ ಕನ್ನಡದಲ್ಲಿ ಇರಲಿ. ಕಾಸರಗೋಡಿನ ಕನ್ನಡಿಗರು ಸರಕಾರಕ್ಕೆ ಕನ್ನಡದಲ್ಲಿ ಬರೆಯಬಹುದು, ಉತ್ತರವೂ ಕನ್ನಡದಲ್ಲಿ ಬರಬೇಕು ಅಂತ ಕೇರಳದ 1969ರ ಭಾಷಾ ಕಾಯ್ದೆಯಲ್ಲೇ ಇದೆ. ಮರ ಕೃಷಿಯ ಒಪ್ಪಂದ ಪತ್ರ ಇಂಗ್ಲಿಷಿನಲ್ಲಿ, ವಿವರಣೆ ಮಲಯಾಳದಲ್ಲಿ, ಸಹಿ ಮಾತ್ರ ಕನ್ನಡದಲ್ಲಿ ಆಗಬಾರದು. ನಾನು ಮಲಯಾಳ ಚೆನ್ನಾಗಿಯೇ ಮಾತಾಡುತ್ತೇನೆ, ಅದಕ್ಕೂ ಇದಕ್ಕೂ ಸಂಬಂಧ ಇಲ್ಲ. ಅರಿಶಿನದ ಪರೀಕ್ಷೆಯನ್ನು ಒಂದು ಹಾಳೆಯಲ್ಲಿ ಕನ್ನಡದಲ್ಲಿ ಅಚ್ಚು ಹಾಕಿ ಪ್ರತಿ ಮಿಲ್ಲಿನ ಗೋಡೆಗೆ ಅಂಟಿಸಿದ್ದರೆ ನನ್ನ 22 ಕುರ್ಚಿ ಉಳಿಯುತ್ತಿತ್ತು.

ಇನ್ನೊಂದು ಮಾತು, ಮರೆಯುವ ಮೊದಲು. ಪೀಚಿಗೆ ಒಂದು ತುಂಡು ಮರ ತೆಗೆದುಕೊಂಡು ಹೋಗಿ ಬರುವುದು ಎಂದರೆ ನಮಗೆ ಎರಡು ದಿನದ ಕೂಲಿ ಹೋಯಿತು. ಬೆಂಗಳೂರಿಗೂ ಅಷ್ಟೇ. ಪೆರಿಯದಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯ ಇದೆ, ಪಡನ್ನಕ್ಕಾಡಿನಲ್ಲಿ ಕೃಷಿ ಕಾಲೇಜು ಇದೆ, ಕೂಡ್ಲಿನಲ್ಲಿ ಸಿ.ಪಿ.ಸಿ.ಆರ್.ಐ. ಇದೆ. ಯಾವುದಾದರೂ ಒಂದು ಕಡೆ ಒಂದು ಕೋಣೆ, ತೇವ ಅಳೆಯುವ ಮೀಟರು, ಅರಿಶಿನದ ಸೀಸೆ, ವಾರಕ್ಕೊಂದು ದಿನ ಒಬ್ಬ ಮನುಷ್ಯ. ಜತೆಗೆ ನಾಲ್ಕೈದು ಶೆಡ್ಡಿನವರು ಸೇರಿ ಬಾಡಿಗೆ ಕೊಟ್ಟು ಹಲಗೆ ಒಣಗಿಸಿಕೊಳ್ಳುವಂಥ ಒಂದು ಬಿಸಿ ಕೋಣೆ. ಕಂಪನಿಯವರು ಕೈಜೋಡಿಸುವುದಿದ್ದರೆ ಮೊದಲು ಇಲ್ಲಿ ಜೋಡಿಸಲಿ. ನಾವು ಒಳ್ಳೆಯ ಹಲಗೆ ಕೇಳಲು ಕಲಿತರೆ ಅವರ ಒಳ್ಳೆಯ ಹಲಗೆಗೂ ರೇಟು ಬರುತ್ತದೆ.

ನಮ್ಮ ಊರಿನ ಹೆಸರೇ ಕಾಸರಕನ ಮರದಿಂದ ಬಂತು ಅಂತ ಹೇಳುವವರಿದ್ದಾರೆ. ಆ ಮರ ವಿಷದ್ದು, ಗೆದ್ದಲು ಹತ್ತಿರ ಸುಳಿಯುವುದಿಲ್ಲ ಅಂತ ನನ್ನ ಅಪ್ಪ ಹೇಳುತ್ತಿದ್ದರು. ಹೌದೋ ಅಲ್ಲವೋ ನೀವೇ ನೋಡಿ ಹೇಳಬೇಕು.

ಹೋದ ತಿಂಗಳು ನನ್ನ ತೋಟದಲ್ಲಿ 40 ಅಡಿಕೆ ಮರ ಕಡಿಸಿದೆ. ಎಂಟಡಿಯ ತುಂಡು ಮಾಡಿ, ನಡುನಡುವೆ ರೀಪು ಕೊಟ್ಟು, ಗಾಳಿಯಾಡುವ ಹಾಗೆ ಶೆಡ್ಡಿನ ಪಡು ಬದಿಯಲ್ಲಿ ಅಟ್ಟಿ ಹಾಕಿದ್ದೇನೆ. ಯಾವ ಮರ ಎಷ್ಟು ವರ್ಷದ್ದು, ಬುಡದ ತುಂಡೋ ತುದಿಯದ್ದೋ ಅಂತ ಸೀಮೆಸುಣ್ಣದಲ್ಲಿ ಬರೆದಿದ್ದೇನೆ. ಯಾರು ಬೇಕಾದರೂ ಬಂದು ತೆಗೆದುಕೊಂಡು ಹೋಗಿ ಪರೀಕ್ಷೆ ಮಾಡಿ, ದುಡ್ಡು ಬೇಡ. ಬದಿಯಡ್ಕ ಪೇಟೆಯಲ್ಲಿ ಇಳಿದು ಅಡಿಕೆ ಸ್ಟೂಲಿನ ಆಚಾರಿ ಅಂತ ಕೇಳಿದರೆ ಸಾಕು, ನಗುತ್ತಾ ದಾರಿ ತೋರಿಸುತ್ತಾರೆ. ಪತ್ತನಾಜೆಗೆ (ಮೇ ಕೊನೆಯ ವಾರ ಬರುವ ತುಳುವರ ದಿನ) ಮೊದಲು ಬನ್ನಿ. ಮಳೆ ಹಿಡಿದರೆ ಆ ಬದಿಗೆ ಇರಚಲು ಹೊಡೆಯುತ್ತದೆ, ಸೀಮೆಸುಣ್ಣದ ಬರಹ ಅಳಿಸಿಹೋಗುತ್ತದೆ.

ಇತಿ,
ಬದಿಯಡ್ಕದ ಒಬ್ಬ ಆಚಾರಿ